ಲಿಫ್ಟಣ್ಣನ ಬಯೋಡೇಟಾ

ಎಲ್ಲಕ್ಕೂ ಕಾರಣ ಒಂದು ಸಾಲು. ಲಿಫ್ಟಣ್ಣ ತನ್ನ ಬಯೋಡೇಟಾದ ಮೊದಲಲ್ಲೇ ‘ನನಗೆ ಜನ ಬೇಕು’ ಎಂದು ಬರೆದ. ಬರೆದದ್ದು ಸರಿಯೇ ಎಂದು ಕೇಳಲು ಪಕ್ಕದ ಮನೆಯ ಬಾಗಿಲು ತಟ್ಟಿದ.

ದೊಡ್ಡದೊಂದು ಕಚೇರಿಯ ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಕೂತು, ಹತ್ತಿದವರನ್ನೆಲ್ಲ “ಯಾವ ಮಹಡಿ?” ಎಂದು ಕೇಳುತ್ತ ಆಯುಷ್ಯ ಕಳೆದವನು ಅವನು. ಮಹಡಿ ಬರುವಷ್ಟರಲ್ಲಿ ಮಗಳ ಪರೀಕ್ಷೆ, ಅತ್ತೆಯ ಮಂಡಿನೋವು ಎಲ್ಲ ವಿಚಾರಿಸಿಬಿಡುತ್ತಿದ್ದ. ಹೋದ ವರ್ಷ ತಾನಾಗಿಯೇ ಮಾತಾಡುವ ಹೊಸ ಲಿಫ್ಟು ಬಂತು. ಸ್ಟೂಲಿನ ಜೊತೆಗೆ ಅವನನ್ನೂ ಹೊರಗಿಟ್ಟರು. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಈಗ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರೊಂದೇ. ಅದೂ ಮೂರು ಮಾತಾಡಿ ಸುಮ್ಮನಾಗುತ್ತಿತ್ತು.

ಆಸ್ಪತ್ರೆಯೊಂದರ ವಿಚಾರಣೆ ಕೌಂಟರಿಗೆ ಆಳು ಬೇಕೆಂದು ಪೇಪರಿನಲ್ಲಿ ಬಂದಿತ್ತು. ಬೆಳಗಿನಿಂದ ಸಂಜೆಯವರೆಗೆ ಜನ ತಾವಾಗಿಯೇ ಬಂದು ಮಾತಾಡಿಸುವ ಕೆಲಸ. ಅರ್ಜಿಗೆ ಅಂದೇ ಕೊನೆಯ ದಿನ.

ಪಕ್ಕದ ಮನೆಯ ನಿವೃತ್ತ ಹೆಡ್ ಕ್ಲಾರ್ಕು ಕೆಂಪು ಪೆನ್ನು ಹಿಡಿದೇ ಬಂದರು. ಲಿಫ್ಟಿನಲ್ಲಿ ಪರಿಚಯವಾದವರ ಸುಖದುಃಖವೆಲ್ಲ ತುಂಬಿದ್ದ ಹಾಳೆಗಳನ್ನು ತಿರುವಿ, “ಇದೇನಯ್ಯಾ, ಬಯೋಡೇಟಾನೋ ಕಾದಂಬರೀನೋ?” ಎಂದರು. ಕಳೆ ಕೀಳುವಂತೆ ಕಿತ್ತು ಒಂದೇ ಪುಟಕ್ಕೆ ಇಳಿಸಿದರು. ಫೋಟೋಗೆ ಕೋಟು ಬೇಕೆಂದು ಎದುರುಮನೆಯ ಟೈಲರನ್ನು ಕರೆದರು. ಅವನು ಯಾರದೋ ಅರ್ಧ ಹೊಲಿದ ಕೋಟು ತಂದು, ತೋಳುಗಳನ್ನು ಗುಂಡುಸೂಜಿಯಲ್ಲಿ ನಿಲ್ಲಿಸಿ, ಅಲ್ಲಾಡಬೇಡ ಎಂದು ತಾಕೀತು ಮಾಡಿದ. ಫೋಟೋದಲ್ಲಿ ಲಿಫ್ಟಣ್ಣ ಜೇಬಿನೊಳಗೆ ಹಾವು ಹೊಕ್ಕವನಂತೆ ಬಂದ.

ಗಲಾಟೆ ಕೇಳಿ ಮೇಲ್ಮನೆಯ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಇಳಿದು ಬಂದಳು. ಲಿಫ್ಟಣ್ಣನ ಮನೆಯಲ್ಲಿ ಜನ ಸೇರಿದ್ದು ಹೆಂಡತಿ ಹೋದ ದಿನ ಬಿಟ್ಟರೆ ಅಂದೇ. ಅವನು ಬದುಕಿದ್ದಾನೆಂದು ಖಾತ್ರಿಯಾದ ಮೇಲೆ ಅವಳೂ ಹಾಳೆ ಕೈಗೆತ್ತಿಕೊಂಡಳು.

“ಜನ ಬೇಕು ಅಂತ ಬರೀತಾರೇನೋ? ಅಳ್ತಾ ಬಂದೋನಿಗೆ ಯಾರೂ ಕೆಲಸ ಕೊಡಲ್ಲ. ಯಾರೂ ಬೇಡ ಅನ್ನೋ ಥರ ಬರಿ, ಆಗ ನೋಡು.”

ಹಾಗೇ ಬರೆದರು: ‘ಒಬ್ಬನೇ ಕೆಲಸ ಮಾಡಬಲ್ಲೆ. ಅನಗತ್ಯವಾಗಿ ಮಾತಾಡುವುದಿಲ್ಲ. ಯಾರ ಜೊತೆಯೂ ಬೇಕಿಲ್ಲ.’

ಇದು ನಾನಲ್ಲ ಎಂಬ ಮಾತು ಲಿಫ್ಟಣ್ಣನ ನಾಲಿಗೆಯ ತುದಿಯವರೆಗೆ ಬಂತು. ಆದರೆ ಬೇಡವೆಂದರೆ ಎದ್ದು ಹೋಗಿಬಿಟ್ಟಾರು ಎಂಬ ಅಳುಕು. ಒಂದೊಂದು ತಿದ್ದುಪಡಿಗೂ ತಲೆಯಾಡಿಸಿ ಒಂದೊಂದು ಸುತ್ತು ಚಹಾ ಕೊಟ್ಟ. ಎಷ್ಟೋ ದಿನದ ಮೇಲೆ ಮನೆಯ ಲೋಟಗಳೆಲ್ಲ ಎಂಜಲಾಗಿದ್ದವು. ಅದನ್ನು ನೋಡುವುದೇ ಅವನಿಗೆ ಹಬ್ಬ.

ಸಂಜೆ ಆಸ್ಪತ್ರೆಯ ಅಧಿಕಾರಿ ಹಾಳೆ ಓದುವಾಗ, ಸೂಜಿ ಚುಚ್ಚೀತೆಂದು ಲಿಫ್ಟಣ್ಣ ಅದೇ ಕೋಟಿನಲ್ಲಿ ಬೊಂಬೆಯಂತೆ ಕೂತಿದ್ದ. ಹಾಳೆಯಲ್ಲಿ ಬರೆದದ್ದು ಸುಳ್ಳಾಗಬಾರದೆಂದು ತುಟಿಯನ್ನೂ ಬಿಗಿಹಿಡಿದಿದ್ದ. ಅಧಿಕಾರಿಯ ಮುಖ ಅರಳಿತು.

“ಕೌಂಟರಿಗೆ ಮಾತಿನಮಲ್ಲರು ಎಷ್ಟು ಬೇಕಾದ್ರೂ ಸಿಗ್ತಾರೆ. ನಿಮ್ಮಂಥೋರೇ ಅಪರೂಪ. ನೆಲಮಾಳಿಗೇಲಿ ಹಳೇ ಎಕ್ಸ್‌ರೇ ಇಡೋ ಕೋಣೆ ಇದೆ. ಮಾತಿಗೊಬ್ಬರೂ ಸಿಗಲ್ಲ ಅಂತ ಹೋದೋರೆಲ್ಲ ಓಡಿಬರ್ತಾರೆ. ನಿಮಗಂತೂ ಆ ತಾಪತ್ರಯವೇ ಇಲ್ಲ.”

ಲಿಫ್ಟಣ್ಣ ಬಾಯಿ ತೆರೆದ. ಏನಾದರೂ ಹೇಳಬೇಕಿತ್ತೇ ಎಂದು ಕೇಳಿದ ಅಧಿಕಾರಿ, ಉತ್ತರಕ್ಕೆ ಕಾಯದೆ ‘ಅನಗತ್ಯವಾಗಿ ಮಾತಾಡುವುದಿಲ್ಲ’ ಎಂಬ ಸಾಲಿನ ಮೇಲೆ ಬೆರಳಿಟ್ಟು ಮೆಚ್ಚುಗೆಯಿಂದ ನಕ್ಕ. ಬೀಗದಕೈ ಕೊಟ್ಟು, ಕೋಣೆ ನೋಡಿಕೊಂಡು ಬನ್ನಿ, ನಾಳೆಯಿಂದಲೇ ಕೆಲಸ ಎಂದ.

ದಾರಿಯಲ್ಲಿ ಕೌಂಟರು ಸಿಕ್ಕಿತು. ಮುಂದೆ ಜನವೋ ಜನ. ಒಬ್ಬ ಮುದುಕಿ ಯಾವ ಮಹಡಿಯೆಂದು ತಿಳಿಯದೆ ಕಂಗಾಲಾಗಿ ನಿಂತಿದ್ದಳು. ಲಿಫ್ಟಣ್ಣ ಅವಳತ್ತ ಹೆಜ್ಜೆ ಹಾಕುವಷ್ಟರಲ್ಲಿ ಯಾರೋ ಅವಳ ಕೈ ಹಿಡಿದು ಕರೆದೊಯ್ದರು.

ಅವನು ಲಿಫ್ಟು ಹತ್ತಿದ. ಒಳಗೆ ಸ್ಟೂಲಿರಲಿಲ್ಲ, ಯಾರೂ ಇರಲಿಲ್ಲ. ಬಾಗಿಲು ಮುಚ್ಚಿತು.

“ಯಾವ ಮಹಡಿ?” ಗೋಡೆಯೊಳಗಿನಿಂದ ಹೆಣ್ಣುದನಿಯೊಂದು ಕೇಳಿತು.

ಲಿಫ್ಟಣ್ಣ ಕಳಚುತ್ತಿದ್ದ ಕೋಟಿನ ತೋಳನ್ನು ಸರಿಮಾಡಿಕೊಂಡ.

“ನೆಲಮಾಳಿಗೆ ಕಣಮ್ಮ,” ಎಂದ. ಲಿಫ್ಟು ಇಳಿಯತೊಡಗಿತು. ಅವನು ಗೋಡೆಯತ್ತ ಬಾಗಿ ಮೆಲ್ಲನೆ ಕೇಳಿದ:

“ನಿಮ್ಮ ಅತ್ತೆ ಮಂಡಿನೋವು ಈಗ ಹೇಗಿದೆ?”