ನಂಜಪ್ಪಣ್ಣನನ್ನು ಪಟ್ಟದಿಂದ ಇಳಿಸಿದ್ದು

ಒಬ್ಬನೇ ಊಟ ಮಾಡುವವನಿಗೆ ಒಂದು ಸೌಕರ್ಯವಿದೆ. ಸಾರಿಗೆ ಉಪ್ಪು ಹೆಚ್ಚಾದರೆ ಯಾರ ಮೇಲೂ ರೇಗಬೇಕಾಗಿಲ್ಲ. ಒಂದು ಕಷ್ಟವೂ ಇದೆ, ಅದೂ ಇದೇ. ಮೊನ್ನೆ ನನ್ನ ಮುದ್ದೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಸಿಕ್ಕಿತು. ಬೈಯೋಣವೆಂದು ಬಾಯಿ ತೆರೆದೆ. ಎದುರಿಗೆ ಗೋಡೆ. ಗೋಡೆಗೆ ಸುಣ್ಣ ಬಳಿದವನೂ ನಾನೇ. ಹೀಗೆ ರಾಜನೂ ನಾನೇ, ಪ್ರಜೆಯೂ ನಾನೇ ಆಗಿ ಕೂತದ್ದು ಹೇಗೆ ಎಂದು ನೀವು ಕೇಳಬಹುದು. ಇಷ್ಟು ದಿನ ಯಾರೂ ಕೇಳಿಲ್ಲ, ಅದಕ್ಕೇ ನಾನೇ ಹೇಳಿಬಿಡುತ್ತೇನೆ.

ನಾನು ಮರಗೆಲಸದವನು. ಮಿಡ್ಲ್‌ಸ್ಕೂಲು ಮುಗಿಯುವ ಮೊದಲೇ ಶಾಲೆ ಬಿಟ್ಟೆ. ಅದರಿಂದ ಶಾಲೆಗೆ ನಷ್ಟವಾಗಲಿಲ್ಲ, ನನಗೂ ಆಗಲಿಲ್ಲ ಎಂಬುದು ನನ್ನ ವಾದ. ಈ ಮೈಸೂರಿನಲ್ಲಿ ನಾನು ಮಾಡಿದ ಬೆಂಚಿನ ಮೇಲೆ ಕೂತು ಬಿ.ಎ. ಪಾಸಾದವರು ಎಷ್ಟೋ ಜನ ಇದ್ದಾರೆ. ಫೇಲಾದವರೂ ಇದ್ದಾರೆ, ಅದಕ್ಕೆ ಬೆಂಚು ಜವಾಬ್ದಾರಿಯಲ್ಲ. ಆಗ ನಾವು ನಾಲ್ವರು ಲಕ್ಷ್ಮೀಪುರಂನ ಒಂದು ದೊಡ್ಡ ಮನೆಯ ಹಿತ್ತಿಲಿನ ಕೋಣೆಯಲ್ಲಿ ಬಾಡಿಗೆಗಿದ್ದೆವು. ನಾನು, ಬಸ್ ಕಂಡಕ್ಟರ್ ಚೆನ್ನಪ್ಪ, ಟೈಪಿಸ್ಟ್ ಶ್ರೀಕಂಠ, ಮತ್ತು ನಮ್ಮೆಲ್ಲರಿಗಿಂತ ಹಿರಿಯ, ಕೋರ್ಟಿನ ಜವಾನ ನಂಜಪ್ಪಣ್ಣ. ಮೊದಮೊದಲು ಅವರವರ ಒಲೆ ಅವರವರಿಗೆ. ನಾಲ್ಕು ಮೂಲೆಯಲ್ಲಿ ನಾಲ್ಕು ಹೊಗೆ. ನನ್ನ ಸೌದೆ ನೀನು ಉರಿಸಿದೆ, ನಿನ್ನ ಮಜ್ಜಿಗೆ ಬೆಕ್ಕು ಕುಡಿಯಿತು, ಆ ಬೆಕ್ಕಿಗೆ ಎರಡೇ ಕಾಲಿತ್ತು ಎಂದು ದಿನಾ ಜಗಳ. ಕೊನೆಗೊಂದು ದಿನ ಎಲ್ಲರೂ ಸುಸ್ತಾಗಿ ಕೂತು, ಸೌಟನ್ನು ನಂಜಪ್ಪಣ್ಣನ ಕೈಗೆ ಕೊಟ್ಟೆವು.

ಕರಾರು ಸರಳವಾಗಿತ್ತು. ಮಾರ್ಕೆಟ್ಟು, ನೀರು, ಸೌದೆ, ಪಾತ್ರೆ ತೊಳೆಯುವುದು ನಮ್ಮ ಪಾಲು. ಏನು ಅಡುಗೆ, ಯಾರಿಗೆ ಎಷ್ಟು ಎಂಬುದು ಅಣ್ಣನ ಇಷ್ಟ, ಎದುರು ಮಾತಿಲ್ಲ. ಬದಲಿಗೆ ಅಣ್ಣ ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಣ್ಣಬೇಕು. ಇದನ್ನು ನಾವು ಯಾವ ಕಾಗದದಲ್ಲೂ ಬರೆಯಲಿಲ್ಲ, ನಮ್ಮ ನಮ್ಮ ಹಳ್ಳಿಯಲ್ಲಿ ಅವ್ವಂದಿರು ಮಾಡುತ್ತಿದ್ದದ್ದೇ ಅದು. ಆಮೇಲೆ ಕೋಣೆಯಲ್ಲಿ ಒಂದೇ ಹೊಗೆ. ಸಾಲಾಗಿ ಕೂತು ಉಣ್ಣುವಾಗ ಚೆನ್ನಪ್ಪ ಬಸ್ಸಿನ ಸುದ್ದಿ ಹೇಳುತ್ತಿದ್ದ, ನಾವು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದೆವು. ಅದೇ ಸುಖ ಎಂದು ಆಗ ಯಾರೂ ನನಗೆ ತಿಳಿಸಲಿಲ್ಲ.

ಇಷ್ಟರಲ್ಲಿ ಒಂದು ಕಾಲೇಜಿನ ಮುರುಕು ಬೆಂಚುಗಳನ್ನು ಸರಿಮಾಡುವ ಕೆಲಸ ಬಂತು. ವರಾಂಡದಲ್ಲಿ ಕೂತು ಮೊಳೆ ಹೊಡೆಯುತ್ತಿದ್ದೆ. ಒಳಗಿನಿಂದ ಮೇಷ್ಟ್ರು ಬಂದು, "ಸ್ವಲ್ಪ ನಿಲ್ಲಿಸಪ್ಪಾ, ಪಾಠ ಯಾರಿಗೂ ಕೇಳಿಸ್ತಾ ಇಲ್ಲ" ಎಂದರು. ಸುತ್ತಿಗೆ ಕೆಳಗಿಟ್ಟೆ. ಬೇರೆ ಕೆಲಸವಿಲ್ಲದ್ದರಿಂದ ಪಾಠ ಕೇಳಿದೆ. ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳುವುದು, ಹುಡುಗರ ಮುಖ ನೋಡುವುದು, ಮತ್ತೆ ಕನ್ನಡದಲ್ಲಿ ಹೇಳುವುದು. ಮನುಷ್ಯರು ಕಿತ್ತಾಡಿ ಸಾಕಾಗಿ, ತಾವೇ ಕೂಡಿ ಒಬ್ಬನನ್ನು ದೊರೆ ಮಾಡಿಕೊಂಡರಂತೆ. ದೊರೆ ಆಕಾಶದಿಂದ ಬಿದ್ದವನಲ್ಲವಂತೆ. ಅವನೂ ಒಂದು ಕರಾರಿಗೆ ಒಳಪಟ್ಟವನು, ಅದನ್ನು ಮುರಿದರೆ ಪ್ರಜೆಗಳು ಅವನನ್ನು ಇಳಿಸಬಹುದು. ನನಗೆ ರೋಮಾಂಚನವಾಯಿತು. ಇದೆಲ್ಲ ನಮ್ಮ ಕೋಣೆಯ ವಿಷಯ, ಈ ಮಹಾಶಯರಿಗೆ ಹೇಗೆ ಗೊತ್ತಾಯಿತು! "ಇಳಿಸಿದ ಮೇಲೆ ಏನು ಅನ್ನೋದೇ ಮುಖ್ಯ. ಏನಪ್ಪಾ ಅಂದ್ರೆ..." ಎಂದು ಮೇಷ್ಟ್ರು ಶುರುಮಾಡಿದರು. ಗಂಟೆ ಹೊಡೆಯಿತು. ಹುಡುಗರು ದಡದಡನೆ ಎದ್ದು ಹೋದರು. ನಾನು ಸುತ್ತಿಗೆ ಎತ್ತಿಕೊಂಡೆ.

ಮುಂದಿನ ಭಾನುವಾರ. ಅವರೆಕಾಯಿಯ ಕಾಲ. ಹಿಂದಿನ ಸಂಜೆ ನಾಲ್ವರೂ ಕೂತು ಕಾಳು ಹಿತುಕಿ ಬೆರಳೆಲ್ಲ ಸುಕ್ಕಾಗಿತ್ತು. ಕ್ಷೌರಕ್ಕೆಂದು ಹೋದವನು ಅಂಗಡಿಯಲ್ಲಿ ಜನ ಕಂಡು ಬೇಗ ವಾಪಸು ಬಂದೆ. ಕೋಣೆಯ ಬಾಗಿಲು ಒರಗಿಸಿತ್ತು. ತಳ್ಳಿದರೆ, ನಂಜಪ್ಪಣ್ಣ ಗೋಡೆಗೆ ಮುಖಮಾಡಿ ಕೂತು ಹಿತುಕಿದ ಬೇಳೆ ಸಾರಿನಲ್ಲಿ ಮುದ್ದೆ ಮುರಿದು ಉಣ್ಣುತ್ತಿದ್ದಾನೆ. ಒಬ್ಬನೇ. ಎಲ್ಲರಿಗಿಂತ ಮೊದಲು. ಮೇಲೆ ತುಪ್ಪ ಬೇರೆ.

"ಏನಣ್ಣಾ ಇದು?" ಎಂದೆ.

"ಹಸಿವಾಯ್ತು ಕಣೋ ಪುಟ್ಸಾಮಿ, ಉಂಡ್ಬುಟ್ಟೆ."

ಅಷ್ಟಕ್ಕೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಶ್ರೀಕಂಠನನ್ನು ಕರೆದೆ. ಚೆನ್ನಪ್ಪ ಡ್ಯೂಟಿ ಮುಗಿಸಿ ಬರುವವರೆಗೆ ಯಾರೂ ಸಾರು ಮುಟ್ಟಕೂಡದೆಂದೆ. ಅವನು ಬಂದ ಮೇಲೆ ಎದ್ದು ನಿಂತು, ಮೇಷ್ಟ್ರ ಧಾಟಿಯಲ್ಲೇ, ದೊರೆ, ಕರಾರು, ಪ್ರಜೆ ಎಂದು ಭಾಷಣ ಮಾಡಿದೆ.

ಚೆನ್ನಪ್ಪ, "ಒಂದ್ ಮುದ್ದೆಗೆ ಇಷ್ಟೊಂದ್ ಯಾಕ್ಲಾ? ಸಾರು ಆರೋಯ್ತದೆ, ಬಡ್ಸಪ್ಪ" ಎಂದ.

"ಮುದ್ದೆಯ ಪ್ರಶ್ನೆಯಲ್ಲ, ನಂಬಿಕೆಯ ಪ್ರಶ್ನೆ" ಎಂದೆ ನಾನು. ಮಾತು ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ನಿಲ್ಲಿಸಲು ಮನಸ್ಸಾಗಲಿಲ್ಲ.

ನಂಜಪ್ಪಣ್ಣ ಪೂರ್ತಿ ಕೇಳಿದ. ಎದ್ದು ಸೌಟು ತೊಳೆದು, ಪಂಚೆಯ ತುದಿಯಲ್ಲಿ ಒರೆಸಿ, ನನ್ನ ಕೈಗಿಟ್ಟ. "ನೀನೇ ಆಳಪ್ಪ. ಇಷ್ಟು ದಿನದಲ್ಲಿ ಒಬ್ಬನಾದ್ರೂ, ಅಣ್ಣಾ ನೀನೂ ಕೂತ್ಕೋ ಅಂದಿದ್ನೇನೋ?" ಎಂದ. ಹಾಸಿಗೆ ಸುತ್ತಿಕೊಂಡು ಸರಸ್ವತಿಪುರಂನಲ್ಲಿದ್ದ ತಂಗಿಯ ಮನೆಗೆ ಹೊರಟುಹೋದ. ಯಾರೂ ತಡೆಯಲಿಲ್ಲ. ನಾನು ತಡೆಯಬಹುದಿತ್ತು, ಆದರೆ ಕೈಯಲ್ಲಿ ಸೌಟಿತ್ತು.

ನನ್ನ ಆಳ್ವಿಕೆಯಲ್ಲಿ ಕರಾರು ಒಂದು ದಿನವೂ ಮುರಿಯಲಿಲ್ಲ. ಬಡಿಸಿ, ಕಡೆಯಲ್ಲಿಯೇ ಉಂಡೆ. ಆದರೆ ಮುದ್ದೆ ಗಂಟು, ಸಾರು ನೀರು. ಶ್ರೀಕಂಠ ಹೋಟೆಲಿನ ದಾರಿ ಹಿಡಿದ, ಆಮೇಲೆ ಬೇರೆ ರೂಮಿನ ದಾರಿ. ಚೆನ್ನಪ್ಪ ಸ್ವಲ್ಪ ಕಾಲ ತಾಳಿದ, ಬಳಿಕ ಮದುವೆಯಾಗಿ ಬಚಾವಾದ. ಕೋಣೆ ನನಗೆ ಉಳಿಯಿತು.

ಈಚೆಗೆ ಯಾದವಗಿರಿಯ ಒಂದು ಬಂಗಲೆಗೆ ಆರಾಮಕುರ್ಚಿ ರಿಪೇರಿಗೆ ಹೋದೆ. ಬಾಗಿಲು ತೆರೆದವರು ಅದೇ ಮೇಷ್ಟ್ರು, ತಲೆ ನೆರೆತಿತ್ತು. ಕುರ್ಚಿಯ ಕಾಲು ಕೂಡಿಸುತ್ತಾ ಕೇಳಿಯೇಬಿಟ್ಟೆ. "ಸ್ವಾಮೀ, ದೊರೇನ ಇಳಿಸಿದ ಮೇಲೆ ಏನು ಮಾಡ್ಬೇಕು? ಅವತ್ತು ಗಂಟೆ ಹೊಡೆದುಬಿಡ್ತು."

ಯಾವತ್ತು ಎಂದು ಅವರು ಕೇಳಲಿಲ್ಲ. ಗಂಟೆ ಅವರಿಗೂ ಎಷ್ಟೋ ಸಲ ಹೊಡೆದಿರಬೇಕು. "ಮಿಕ್ಕವರು ಮತ್ತೆ ಒಟ್ಟಿಗೆ ಕೂತು ಹೊಸದಾಗಿ ಒಪ್ಕೋಬೇಕಪ್ಪ. ಒಟ್ಟಿಗೆ ಕೂರೋದೇ ಅದರ ಜೀವ" ಎಂದರು.

"ಕೂರೋಕೆ ಯಾರೂ ಉಳಿದಿಲ್ಲದಿದ್ರೆ?"

ಕನ್ನಡಕ ತೆಗೆದು ಒರೆಸಿಕೊಂಡರು. "ಆ ಪ್ರಶ್ನೆ ಪರೀಕ್ಷೆಗೆ ಬರೋದಿಲ್ಲ" ಎಂದು, ಒಳಗೆ ಹೋಗಿ ತಾವೇ ಒಂದು ಲೋಟ ಕಾಫಿ ತಂದು ಕೊಟ್ಟರು.

ಈಗ ಮತ್ತೆ ಅವರೆಕಾಯಿ ಬಂದಿದೆ. ಒಬ್ಬನೇ ಕೂತು ಹಿತುಕಿದರೆ ಒಂದು ಹಿಡಿಯಾಗುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಆದರೂ ಹಿತುಕುತ್ತೇನೆ, ಸಾರು ಮಾಡುತ್ತೇನೆ, ನನಗೆ ನಾನೇ ಬಡಿಸಿಕೊಂಡು ಎಲ್ಲರಿಗಿಂತ ಮೊದಲು ಕೂತು ಉಣ್ಣುತ್ತೇನೆ. ತುಪ್ಪವನ್ನೂ ಹಾಕಿಕೊಳ್ಳುತ್ತೇನೆ. ನಂಜಪ್ಪಣ್ಣ ಮಾಡಿದ ಅಪರಾಧವನ್ನು ದಿನಾ ಮಾಡುತ್ತಿದ್ದೇನೆ. ವ್ಯತ್ಯಾಸ ಒಂದೇ. ಅವನು ಬಾಗಿಲು ಒರಗಿಸಿಕೊಂಡಿದ್ದ. ನಾನು ತೆರೆದಿಟ್ಟುಕೊಂಡು ಉಣ್ಣುತ್ತೇನೆ, ಯಾರಾದರೂ ಬಂದು ಹಿಡಿದುಹಾಕಲಿ ಎಂದು.