ಅತ್ತೆಯ ಅಂತೋಣಪ್ಪನೂ ನನ್ನ ಮದುವೆ ರಿಜಿಸ್ಟರೂ

ಪಾದ್ರಿಗಳ ಮನೆಯಲ್ಲಿ ನಗುವಂಥದ್ದೇನು ನಡೆಯುತ್ತೆ ಅನ್ನುವವರು ನಮ್ಮ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕು. ನಾನು ಹಿಂದೂಪುರದ ಒಂದು ಪ್ರಾಟೆಸ್ಟೆಂಟ್ ಸಭೆಯ ಪಾಸ್ಟರು. ಜನರ ಬಾಯಲ್ಲಿ ಅಯ್ಯಗಾರು. ಹೆಂಡತಿ ಕಲ್ಯಾಣದುರ್ಗದ ಕ್ಯಾಥೊಲಿಕ್ ಮನೆಯವಳು. ಮದುವೆಯಾದ ಮೇಲೆ ಅವಳು ನಮ್ಮ ಸಭೆಗೆ ಬಂದಳು, ಅವಳ ತಾಯಿ ಬರಲಿಲ್ಲ. ದೇವರನ್ನು ನೇರವಾಗಿ ಕೇಳಿ, ನಡುವೆ ಸಂತರ ಶಿಫಾರಸು ಬೇಡ ಅನ್ನುವುದು ನನ್ನ ಬೋಧನೆ. ದೊಡ್ಡವರ ಹತ್ತಿರ ಹೋಗುವಾಗ ಗೊತ್ತಿದ್ದವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು ಅನ್ನುವುದು ಅತ್ತೆಯ ಬೋಧನೆ. ಇಬ್ಬರೂ ಇವತ್ತಿನವರೆಗೆ ಸೋಲೊಪ್ಪಿಲ್ಲ.

೧. ಹಿಡಿ ಅಕ್ಕಿ

ಅತ್ತೆ ಬಂದಾಗಲೆಲ್ಲ ಚೀಲದಲ್ಲಿ ಗೇಣುದ್ದದ ಸಂತ ಅಂತೋಣಿಯ ವಿಗ್ರಹವೂ ಬರುತ್ತದೆ. ಕಳೆದ ವಸ್ತು ಹುಡುಕಿಕೊಡುವ ಸಂತರು. ಅತ್ತೆಗೆ ಬರೀ ಅಂತೋಣಪ್ಪ. ಒಂದು ಸಲ ಅತ್ತೆಯ ಕನ್ನಡಕ ಕಳೆಯಿತು. ಎರಡು ದಿನ ಬೇಡಿಕೊಂಡರೂ ಸಿಗಲಿಲ್ಲ. "ಸಿಗೋಗಂಟ ಹಿಂಗೇ ಇರು" ಅಂತ ಸಂತರನ್ನು ಅಕ್ಕಿ ಡಬ್ಬದಲ್ಲಿ ತಲೆಕೆಳಗಾಗಿ ಹೂತುಬಿಟ್ಟರು.

ಆದರೆ ಅದು ಸಭೆಯ ಡಬ್ಬ. ನಮ್ಮವರ ಮನೆಗಳಲ್ಲಿ ದಿನಾ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ದೇವರಿಗೆಂದು ಎತ್ತಿಡುತ್ತಾರೆ. ತಿಂಗಳಿಗೊಮ್ಮೆ ಸ್ತ್ರೀ ಸಮಾಜದವರು ಬಂದು ಒಯ್ಯುತ್ತಾರೆ. ಅವತ್ತು ಬಂದ ಹಿರಿಯಮ್ಮ ಡಬ್ಬವನ್ನೆತ್ತಿ ತಮ್ಮ ಚೀಲಕ್ಕೆ ಸುರಿದರು. ಅಕ್ಕಿಯ ಹಿಂದೆಯೇ ಸಂತರು ಬಂದರು.

"ಏನಿದು ಅಯ್ಯಗಾರೂ, ಹಿಡಿ ಅಕ್ಕಿ ಕೇಳಿದ್ರೆ ಕ್ಯಾಥೊಲಿಕ್ ಸ್ವಾಮೀನೇ ಕೊಡ್ತಾ ಇದೀರಲ್ಲ!"

ಅಷ್ಟರಲ್ಲಿ ಡಬ್ಬದ ತಳದಿಂದ ಇನ್ನೊಂದು ವಸ್ತು ಬಿತ್ತು. ಅತ್ತೆಯ ಕನ್ನಡಕ. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. "ನೋಡಿದ್ರಾ ಅಳೀಮಯ್ಯಾ, ಒಳಗೆ ಇಳಿಸಿದ್ಕೇ ಹುಡುಕ್ಕೊಂಡು ಬಂದವ್ನೆ."

೨. ಶಿಫಾರಸು

ಆ ಭಾನುವಾರ ನಾನು ರೋಷದಿಂದಲೇ ಪ್ರಸಂಗ ಮಾಡಿದೆ. "ನಿಮಗೂ ದೇವರಿಗೂ ನಡುವೆ ಯಾರೂ ಬೇಡ. ನಿಮ್ಮ ಬಾಯಿಂದ ನೀವೇ ಕೇಳಿ." ಎಲ್ಲರೂ ಗಟ್ಟಿಯಾಗಿ ಆಮೆನ್ ಅಂದರು. ಆರಾಧನೆ ಮುಗಿದದ್ದೇ ತಡ, ಬಾಗಿಲಲ್ಲಿ ನನ್ನ ಮುಂದೆ ಸಾಲು ನಿಂತಿತು. ಒಬ್ಬರಿಗೆ ಮೊಣಕಾಲು ನೋವು, ಒಬ್ಬರಿಗೆ ಬೋರ್‌ವೆಲ್ ಚಿಂತೆ. ಎಲ್ಲರದೂ ಒಂದೇ ಮಾತು: "ನೀವು ಪ್ರಾರ್ಥನೆ ಮಾಡಿ ಅಯ್ಯಗಾರೂ."

"ನೀವೇ ಮಾಡಿ ಅಂತ ಈಗ ತಾನೇ ಹೇಳಿದೆನಲ್ಲಮ್ಮಾ?" ಅಂದೆ ಲೇಪಾಕ್ಷಿಯಿಂದ ಬಸ್ಸಲ್ಲಿ ಬರುವ ಹೆಂಗಸಿಗೆ.

"ಮಾಡ್ತೀನಿ ಕಣಪ್ಪ. ನೀವೊಂದು ಮಾತು ಮುಂಚೆ ಹೇಳಿಡಿ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ಅತ್ತೆ ಮನೆಗೆ ಬಂದದ್ದೇ ಶುರು ಮಾಡಿದರು. "ಅಂತೋಣಪ್ಪ ಸತ್ತು ಸ್ವರ್ಗಕ್ಕೆ ಹೋದ್ಮ್ಯಾಲೆ ಈ ಕೆಲ್ಸಕ್ಕೆ ಸೇರ್ದ. ನೀವು ಈಗ್ಲೇ ಸೇರ್ಬುಟ್ಟಿದೀರಿ!"

೩. ಮೈಕು

ಈ ವರ್ಷ ಮಾತ್ರ ನಗು ಬತ್ತಿಹೋಗುವ ಹಾಗಾಯಿತು. ಸಭೆಯ ಮದುವೆ ರಿಜಿಸ್ಟರ್ ಕಾಣೆಯಾಯಿತು. ಅದು ಸರ್ಕಾರಕ್ಕೂ ಲೆಕ್ಕ ಒಪ್ಪಿಸಬೇಕಾದ ಪುಸ್ತಕ. ಮುಂದಿನ ವಾರ ತನಿಖೆಗೆ ಅನಂತಪುರದಿಂದ ನಮ್ಮ ಸಭೆಗಳ ಮೇಲಿನವರೊಬ್ಬರು ಬರುವವರಿದ್ದರು. ಪುಸ್ತಕ ಸಿಗದಿದ್ದರೆ ನನ್ನ ಕೆಲಸಕ್ಕೇ ಕುತ್ತು. ಬೀರು, ಮಂಚದಡಿ, ಹಾರ್ಮೋನಿಯಂ ಪೆಟ್ಟಿಗೆ ಎಲ್ಲ ಜಾಲಾಡಿದೆ. ಮೂರು ದಿನ ಉಪವಾಸವಿದ್ದು ನೇರವಾಗಿಯೇ ಬೇಡಿದೆ.

"ನೇರ ಲೈನು ಬಿಜಿ ಇರಬೇಕು" ಅಂದಳು ಹೆಂಡತಿ. ಯಾರಿಗೂ ಹೇಳಬೇಡ ಅಂತ ಅವಳಿಂದ ಮಾತು ತೆಗೆದುಕೊಂಡಿದ್ದೆ. ಆ 'ಯಾರಿಗೂ' ಅನ್ನುವುದರಲ್ಲಿ ಅವಳ ಲೆಕ್ಕಕ್ಕೆ ತಾಯಿ ಸೇರುವುದಿಲ್ಲ; ಅತ್ತೆಗೆ ಸುದ್ದಿ ಹೋಗಿತ್ತು.

ಕಲ್ಯಾಣದುರ್ಗದ ಅವರ ದೇವಾಲಯದಲ್ಲಿ ಮಂಗಳವಾರ ಅಂತೋಣಿಯ ಪ್ರಾರ್ಥನೆ. ಭಕ್ತರು ಚೀಟಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಅದನ್ನು ಮೈಕಿನಲ್ಲಿ ಓದುತ್ತಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಅತ್ತೆ ಬರೆದ ಚೀಟಿ ತೆಲುಗಿನಲ್ಲಿ ಊರೆಲ್ಲ ಕೇಳಿಸಿತು: ಹಿಂದೂಪುರದ ಇಂಥ ಬೀದಿಯ ಪ್ರಾಟೆಸ್ಟೆಂಟ್ ಅಯ್ಯಗಾರು ಕಳೆದುಕೊಂಡ ಮದುವೆ ರಿಜಿಸ್ಟರ್ ಬೇಗ ಸಿಗಲಿ, ಅವರ ಕೆಲಸ ಉಳಿಯಲಿ.

"ಬೀದಿ ಹೆಸರು ಯಾಕೆ ಹಾಕಿದ್ರಿ ಅತ್ತೆ?" ಅಂತ, ಅತ್ತೆಯೇ ಫೋನ್ ಮಾಡಿ ಇದನ್ನು ಹೇಳಿದಾಗ ಕಿರುಚಿದೆ.

"ಹಿಂದೂಪುರದಾಗೆ ಎಷ್ಟು ಜನ ಅಯ್ಯಗಾರು ಅವ್ರೆ! ಅಂತೋಣಪ್ಪ ಯಾರ ಮನೇಗಂತ ಹೋಗ್ಬೇಕು?"

ಆ ಫೋನು ಇಟ್ಟದ್ದೇ ಇನ್ನೊಂದು ಬಂತು. ಹೋದ ತಿಂಗಳು ನಾನು ಮದುವೆ ಮಾಡಿಸಿದ ಹುಡುಗಿಯ ತಾಯಿ. ಕಲ್ಯಾಣದುರ್ಗದಲ್ಲಿ ಮೈಕು ಕೇಳಿಸಿಕೊಂಡ ಅವರ ತಂಗಿ ವಿಷಯ ಮುಟ್ಟಿಸಿದ್ದಳು. "ಅಯ್ಯಗಾರೂ, ನಿಮ್ ಪುಸ್ತಕ ನಮ್ಮನೇಲೇ ಐತೆ. ಸೈನ್ ಹಾಕಿದ್ಮ್ಯಾಲೆ ಪ್ರೆಸೆಂಟೇಶನ್ ಗಂಟಿನಾಗೆ ಸೇರ್ಕೊಂಡ್ಬುಟ್ಟೈತೆ. ಕಪ್ಪು ರಟ್ಟು, ದಪ್ಪಕೈತೆ. ಆರು ಬೈಬಲ್ ಬಂದಿದ್ವು, ಇದು ಏಳನೇದು ಅಂದ್ಕೊಂಡು ಬಿಚ್ಚಿ ನೋಡ್ಲಿಲ್ಲ."

ನನಗೆ ಕಣ್ಣಲ್ಲಿ ನೀರೇ ಬಂತು. ಅರ್ಧ ಪುಸ್ತಕ ಸಿಕ್ಕ ಸಂತೋಷಕ್ಕೆ, ಅರ್ಧ ಉಳಿದ ಆರನ್ನೂ ಅವರು ಬಿಚ್ಚಿಲ್ಲವಲ್ಲ ಅಂತ.

೪. ತನಿಖೆ

ತನಿಖೆಯ ದಿನ ಅತ್ತೆಯೂ ಬಂದು ಅಡುಗೆಮನೆಯಲ್ಲಿ ಕೂತರು. "ಸಿಕ್ಕಿದ್ದು ಮೈಕಿನಿಂದ ಅತ್ತೆ, ಸಂತರಿಂದಲ್ಲ" ಅಂತ ಮೊದಲೇ ಹೇಳಿದ್ದೆ. "ಮೈಕನ್ನ ಆನ್ ಮಾಡ್ಸಿದ್ಯಾರು?" ಅಂದಿದ್ದರು.

ಮೇಲಿನವರು ಮಹಾ ಕಟ್ಟುನಿಟ್ಟು. ರಿಜಿಸ್ಟರಿನ ಪ್ರತಿ ಹಾಳೆಯನ್ನೂ ತಿರುವಿದರು. ಎಲ್ಲ ಸರಿಯಿತ್ತು. ಸಹಿ ಹಾಕಲು ಪೆನ್ನು ತೆಗೆದವರು ನಿಲ್ಲಿಸಿ ನನ್ನನ್ನೇ ನೋಡಿದರು.

"ಕಲ್ಯಾಣದುರ್ಗದ ವಿಷಯ ನನ್ನ ಕಿವಿಗೂ ಬಿತ್ತು."

ಇನ್ನೇನು ಕೆಲಸ ಹೋಯಿತು ಅಂದುಕೊಂಡೆ.

"ಸಂತರ ಮುಖಾಂತರ ಪ್ರಾರ್ಥಿಸೋದು ನಮ್ಮಲ್ಲಿಲ್ಲ. ಗೊತ್ತಲ್ಲ?"

"ಗೊತ್ತು ಸಾರ್."

"ಇಂಥದ್ದು ಇನ್ನೊಂದು ಸಲ ಆಗಬಾರದು."

"ಆಗಲ್ಲ ಸಾರ್."

ಸಹಿ ಹಾಕಿದರು. ಪೆನ್ನಿಗೆ ಮುಚ್ಚಳ ಹಾಕಿದರು. ಎದ್ದುಹೋಗಿ ಬೀದಿ ಬಾಗಿಲು ಮುಂದೆ ಮಾಡಿ ಬಂದು ದನಿ ತಗ್ಗಿಸಿದರು. "ನಮ್ಮ ಮನೆಯವರ ಒಂದು ಕಿವಿಯ ವಜ್ರದ ಓಲೆ ಮೂರು ತಿಂಗಳಿಂದ ಸಿಗ್ತಾ ಇಲ್ಲ. ನಿಮ್ಮ ಅತ್ತೆಯವರಿಗೆ ಒಂದು ಮಾತು ಹೇಳಿ. ಮೈಕಲ್ಲಿ ಹೆಸರು ಮಾತ್ರ ಬೇಡ."

ನಾನು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅಡುಗೆಮನೆಯ ಕಡೆಯಿಂದ ಅತ್ತೆ ಚೀಟಿ, ಪೆನ್ನು ಹಿಡಿದು ಬಂದು ನಿಂತರು.

"ಎಡಗಿವೀದಾ ಬಲಗಿವೀದಾ ಸಾರ್? ಸರ್ಯಾಗಿ ಹೇಳ್ಬುಡಿ. ಹೆಸರಿಲ್ದಿದ್ರೂ ನಡೀತೈತೆ, ಬೀದಿ ಯಾವ್ದು?"