ಲೀನಾಬಾಯಿಯ ಹಾಡನ್ನು ನಾನು ಟೇಪಿಗೆ ಹಿಡಿದ ಬಗೆ

ಎಪ್ಪತ್ತರ ದಶಕದಲ್ಲಿ ರಾಮದುರ್ಗದಲ್ಲಿ ಟೇಪ್ ರೆಕಾರ್ಡರ್ ಇದ್ದದ್ದು ನನ್ನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಮಾತ್ರ. ಆದ್ದರಿಂದ ಧ್ವನಿಮುದ್ರಣ ಶಾಸ್ತ್ರಕ್ಕೆ ನಮ್ಮೂರಿನ ಏಕೈಕ ಅಧಿಕಾರಿ ನಾನೇ. ಹೀಗೆಂದು ನಾನು ತಿಳಿದಿದ್ದೆ. ಆಮೇಲೆ ನಡೆದದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ.

ಲೀನಾಬಾಯಿ ಮುಂಬೈಯ ಹೋಟೆಲುಗಳಲ್ಲಿ ಜಾಝ್ ಹಾಡುವವಳು. ಅವಳ ತಾಯಿಯ ತವರು ನಮ್ಮೂರು. ತಾಯಿಯಿಂದ ಕಲಿತ ಬೀಸುವ ಪದಗಳಿಗೆ ಗಿಟಾರು ಸೇರಿಸಿ ಹೊಸ ಧಾಟಿಯಲ್ಲಿ ಹಾಡುತ್ತಿದ್ದಳು. ರೆಕಾರ್ಡ್ ಕಂಪನಿಯೊಂದು, ‘ಜನರ ಮುಂದೆ ಹಾಡಿದ್ದನ್ನು ಕೇಳಿಸು, ಹಿಡಿಸಿದರೆ ನಿನ್ನ ರೆಕಾರ್ಡು ತರುತ್ತೇವೆ’ ಎಂದಿತ್ತು. ಅದಕ್ಕಾಗಿಯೇ ಬಂದಿದ್ದಳು.

“ಟೇಪಿನ ಜವಾಬ್ದಾರಿ ನಂದು. ನೀವು ಬೇಫಿಕರ್ ಇರ್ರಿ,” ಎಂದೆ.

ತೊಂದರೆ ಇದ್ದದ್ದು ಜನರಲ್ಲಿ. ನಮ್ಮ ಭಜನೆಯ ರೂಢಿ ಹೀಗಿದೆ: ಒಬ್ಬರು ಒಂದು ಸಾಲು ಹಾಡಿದರೆ ಉಳಿದವರು ಅದನ್ನೇ ತಿರುಗಿ ಹಾಡಬೇಕು. ಹಾಡದಿದ್ದರೆ ಮೊದಲಿನವರಿಗೆ ಅವಮಾನ. ಇಂಥವರನ್ನು ಮುಂದೆ ಕೂರಿಸಿಕೊಂಡು ಸ್ವಚ್ಛ ಧ್ವನಿಮುದ್ರಣ!

ಪೇಟೆಯ ಹತ್ತಿ ಗೋದಾಮಿನಲ್ಲಿ ಸಭೆ ತುಂಬಿತು. ನಾನು ವೇದಿಕೆ ಹತ್ತಿ ಸಾರಿದೆ: ಯಾರೂ ಹಾಡತಕ್ಕದ್ದಲ್ಲ, ಚಪ್ಪಾಳೆ ತಟ್ಟತಕ್ಕದ್ದಲ್ಲ, ಕೆಮ್ಮುವವರು ಹೊರಗೆ ಹೋಗಿ ಕೆಮ್ಮಿ ಬರತಕ್ಕದ್ದು.

ಭಜನಾ ಮೇಳದ ದಾವಲಸಾಬ ಎದ್ದು ನಿಂತ. “ಅಲ್ರೀ ಮಾಲಕರ, ಆಕಿ ಒಬ್ಬಾಕೀನ ಹಾಡಬೇಕೇನ್ರಿ? ನಾವು ಬಾಯಿಗೆ ಕೀಲಿ ಹಾಕ್ಕೊಂಡು ಕುಂದ್ರೂದೇನು?”

“ಮಷೀನಿನ ಮುಂದ ನಿಂದೇನ ತಕರಾರು? ಸುಮ್ಮ ಕುಂದ್ರು!”

ಅವನ ಕೈಯ ತಾಳಗಳನ್ನೂ ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ.

ಲೀನಾಬಾಯಿ ಒಂದು ಸಾಲು ಹಾಡಿ, ನಿಲ್ಲಿಸಿ, ಜನರತ್ತ ಕೈ ಚಾಚಿದಳು. ಜನ ನನ್ನ ಮುಖ ನೋಡಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಮತ್ತೊಂದು ಸಾಲು, ಮತ್ತೆ ಕೈ, ಮತ್ತೆ ಬೆರಳು. ಹಾಡು ಮುಗಿದರೂ ಒಂದು ಚಪ್ಪಾಳೆ ಇಲ್ಲ! ನಮ್ಮೂರು ಜನ್ಮದಲ್ಲಿ ಮೊದಲ ಸಲ ಹೇಳಿದ ಮಾತು ಕೇಳಿತ್ತು.

ಅವಳ ದನಿ ಸಣ್ಣದಾಗುತ್ತ ಹೋಯಿತು. ಕೊನೆಯ ಹಾಡಿನಲ್ಲಿ ನಡುಗಿತು. ನನಗೆ ಸಿಟ್ಟು ಬಂತು. ಇಷ್ಟು ಶಿಸ್ತಿನ ಸಭೆ ಒದಗಿಸಿಕೊಟ್ಟರೂ ಹೀಗೆ ಹಾಡುವುದೇ? ಟೇಪು ನಿಲ್ಲಿಸಿದೆ.

ಅವಳು ಕಣ್ಣೊರೆಸಿಕೊಂಡು, “ನಿಮಗ ಸೇರಲಿಲ್ಲೇನ್ರಿ?” ಎಂದು ಜನರನ್ನೇ ಕೇಳಿದಳು.

ಹೆಂಗಸರ ನಡುವಿನಿಂದ ನನ್ನ ಹೆಂಡತಿ ಗಂಗವ್ವ ಎದ್ದಳು. “ಯಾಕ ಸೇರಂಗಿಲ್ಲವ್ವಾ! ನಮ್ಮ ಮನಿಯವರು ಎಲ್ಲಾರ ಬಾಯಿ ಕಟ್ಟಿ ಕುಂದ್ರಿಸ್ಯಾರ. ನೀ ಇನ್ನೊಮ್ಮೆ ಹಾಡು, ನೋಡೂಣಂತ!”

ಒಂದು ಸಾಲು ಬಿದ್ದದ್ದೇ ತಡ, ಇಡೀ ಗೋದಾಮು ತಿರುಗಿ ಹಾಡಿತು. ದಾವಲಸಾಬ ನನ್ನ ಚೀಲದಿಂದ ತಾಳ ಕಸಿದುಕೊಂಡ. ಅವಳು ಜಾಝಿನ ಅರ್ಥವಿಲ್ಲದ ‘ದೂ ಬಾ ದೂ’ ಎಂದರೆ ಮುದುಕಿಯರೂ ‘ದೂ ಬಾ ದೂ’ ಎಂದರು. ತಗಡಿನ ಮಾಡು ಗುಂಯ್‌ಗುಟ್ಟಿತು. ನಾನೂ ಕಣ್ಣು ಮುಚ್ಚಿ ಗಂಟಲು ಹರಿಯುವಂತೆ ಹಾಡಿದೆ.

“ಇದು ಟೇಪಿನ್ಯಾಗ ಬಂತಲ್ರಿ?” ಲೀನಾಬಾಯಿ ಏದುಸಿರು ಬಿಡುತ್ತ, ನಗುತ್ತ ಕೇಳಿದಳು.

ನಾನು ಯಂತ್ರ ನೋಡಿದೆ. ನಿಲ್ಲಿಸಿದ್ದನ್ನು ಮತ್ತೆ ಹಚ್ಚಿರಲಿಲ್ಲ.

“ಹಾಡೂ ಭರದಾಗ ಮರ್ತೆ,” ಎಂದೆ.

“ಮಷೀನಿನ ಮಾಲಕರು!” ಎಂದಳು ಗಂಗವ್ವ.

ಬಸ್ಸಿಗೆ ಹೊತ್ತಾಗಿತ್ತು, ಲೀನಾಬಾಯಿ ಮೊದಲು ಹಿಡಿದ ಟೇಪನ್ನೇ ಒಯ್ದಳು. ಕಂಪನಿಯವರು ಅದನ್ನು ಕೇಳಿ, ‘ಖಾಲಿ ಕೋಣೆಯಲ್ಲಿ ಹಾಡಿದ್ದು ಬೇಡ, ಜನರ ಮುಂದೆ ಹಾಡಿದ್ದು ತಾ’ ಎಂದರಂತೆ. ಖಾಲಿ ಕೋಣೆ! ಅಲ್ಲಿ ಕಾಲಿಡಲು ಜಾಗವಿರಲಿಲ್ಲ! ಈ ಅನ್ಯಾಯವನ್ನು ಅಂಗಡಿಗೆ ಬಂದ ಎಲ್ಲರಿಗೂ ಹೇಳಿದೆ. ಒಬ್ಬರೂ ನನ್ನ ಪರ ಮಾತಾಡಲಿಲ್ಲ.

ಲೀನಾಬಾಯಿ ಮತ್ತೆ ಬಂದಳು. ಈ ಸಲ ಯಂತ್ರವನ್ನೂ ಅದನ್ನು ನಡೆಸುವವನನ್ನೂ ಮುಂಬೈಯಿಂದಲೇ ತಂದಿದ್ದಳು. ನನಗೆ ಹಿಮ್ಮೇಳದಲ್ಲಿ ಜಾಗ ಸಿಕ್ಕಿತು. ಮೈಕಿನಿಂದ ತೀರ ದೂರದಲ್ಲಿ.